ಮೂರು ಹಿಡಿ ಬೂದಿ

ಕಂಬಳಿ ಪೂರ್ತಿ ನಿನ್ನ ಕಡೆಗೇ ಎಳ್ಕೋಬೇಡ ಕಣೋ, ಅಕ್ಕಂಗೂ ಚೂರು ಬಿಡು. ಬಿಡಲ್ವಾ? ಆಯ್ತು, ಕತೆ ಕೇಳು. ಹೂಂಗುಟ್ತಾ ಇರಬೇಕು, ಇಲ್ದಿದ್ರೆ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಸ್ಟೀಲ್ ಬಿಂದಿಗೆ ಅನ್ನೋದನ್ನ ಯಾರೂ ಕಂಡೇ ಇರದ ಕಾಲದಲ್ಲಿ, ಚೌಡಪ್ಪ ಅಂತ ಒಬ್ಬ ಕುಂಬಾರ ಇದ್ನಂತೆ. ಅವನಿಗೆ ಮೂರು ಗಂಡುಮಕ್ಕಳು, ದ್ಯಾವ, ಕೆಂಚ, ಸಿಂಗ, ಕೊನೆಗೊಬ್ಬಳು ಮಗಳು ಚಿಕ್ಕತಾಯಿ. ಅವನ ಮಡಕೆ ಎಂಥದ್ದು ಅಂತೀಯ, ಬೆರಳಲ್ಲಿ ತಟ್ಟಿದ್ರೆ ಠಣ್ ಅನ್ನೋದಂತೆ. ಸಾಯೋವಾಗ ಮಕ್ಕಳನ್ನ ಕರೆದು, ಒಂದು ಮಂಕರಿ ಬುಟ್ಟಿ ಮಣ್ಣಿಗೆ ಮೂರು ಹಿಡಿ ಬೂದಿ, ಮರೀಬೇಡಿ ಅಂದು ಕಣ್ಣು ಮುಚ್ಚಿದ್ನಂತೆ.

ಆಮೇಲೆ ಅಣ್ಣತಮ್ಮಂದಿರು ಬೇರೆಯಾದ್ರಂತೆ. ಅವರ ಬುದ್ಧಿಗಿಷ್ಟು ಬೆಂಕಿ ಹಾಕ! ಮಡಕೆ ತಿರುಗಿಸೋ ತಿಗರಿ ದ್ಯಾವಂಗೆ, ಸುಡೋ ಆವಿಗೆ ಕೆಂಚಂಗೆ, ಕೆರೆ ಹತ್ರದ ಜೇಡಿಮಣ್ಣಿನ ಗುಂಡಿ ಸಿಂಗಂಗೆ ಅಂತ ಪಾಲು ಮಾಡ್ಕೊಂಡು, ಹಿತ್ತಲಿಗೆ ಅಡ್ಡಡ್ಡ ಬೇಲಿ ಹಾಕ್ಕೊಂಡ್ರಂತೆ. ದ್ಯಾವ ಹೊಲದ ಮಣ್ಣು ತಂದು ತಿರುಗಿಸಿದ, ಉದುರಿಹೋಯ್ತಂತೆ. ಕೆಂಚ ಗಾಡಿಚಕ್ರದ ಮೇಲೆ ಮಾಡಿದ, ಮಡಕೆ ಸೊಟ್ಟ ಮೂತಿ ಮಾಡ್ಕೊಂಡು ಕೂತ್ಕೊಳ್ತಂತೆ. ಸಿಂಗ ಅಡುಗೆ ಒಲೇಲಿ ಸುಟ್ಟ, ನೀರು ಹಾಕಿದ್ರೆ ಕರಗಿ ಮತ್ತೆ ಮಣ್ಣಾಯ್ತಂತೆ. ಮೂವರಿಗೂ ಒಂದೇ ಗುಮಾನಿ, ಅಪ್ಪ ಗುಟ್ಟನ್ನ ಇನ್ನೊಬ್ಬನ ಕಿವೀಲಿ ಊದಿ ಹೋಗಿದಾನೆ ಅಂತ.

ಅಷ್ಟರಲ್ಲಿ ಚಿಕ್ಕತಾಯಿ ಮದುವೆ ಗೊತ್ತಾಯ್ತಂತೆ. ಮದುವೆಗೆ ಐರಣೆ ಮಡಕೆ ಬೇಕಲ್ಲ, ಸುಣ್ಣ ಬಳಿದು ಚಿತ್ತಾರ ಬರೆದು ಹಸೆ ಮುಂದೆ ಇಡ್ತಾರೆ. ಅದು ಬಿರುಕು ಬಿಟ್ರೆ ಗಂಡಿನ ಕಡೆಯವರು ಎದ್ದೇ ಹೋಗ್ತಾರೆ. ಊರಿಗೆಲ್ಲ ಐರಣೆ ಕೊಟ್ಟ ಮನೇಲಿ ಒಂದು ನೆಟ್ಟಗಿನ ಮಡಕೆ ಇಲ್ಲ! ಬೇರೆ ಊರಿಂದ ತರೋಣ ಅಂದ್ರಂತೆ ಅಣ್ಣಂದಿರು. ಅವಳಿಗೆ ಅಳೂ ಬಂತು, ಸಿಟ್ಟೂ ಬಂತು. ನಮ್ಮನೆ ಮಡಕೆ ಇಲ್ದೆ ನಾನು ಹಸೆಮಣೆ ಏರಲ್ಲ ಕಣ್ರಣ್ಣಾ ಅಂದ್ಲಂತೆ.

ಅವಳಂದ್ರೆ ಮೂವರಿಗೂ ಪ್ರಾಣ. ಸರಿ, ಸಿಂಗ ಮಣ್ಣು ಹೊತ್ತು ತಂದ, ದ್ಯಾವ ತಿಗರಿ ಹೊರಗೆ ಹಾಕಿದ, ಕೆಂಚ ಆವಿಗೆ ಬಿಟ್ಟುಕೊಟ್ಟ. ಮೊದಲು ಒಂದೊಂದು ಮಂಕರಿ ಮಣ್ಣಿಗೆ ನಿಮ್ಮ ನಿಮ್ಮ ಕೈಲೇ ಮೂರು ಹಿಡಿ ಬೂದಿ ಕಲಸಿ ಒಂದೊಂದು ಕುಡಿಕೆ ಮಾಡಿ, ಒಟ್ಟಿಗೆ ಸುಟ್ಟು ನೋಡೋಣ ಅಂದ್ಲಂತೆ ಚಿಕ್ಕತಾಯಿ. ದ್ಯಾವನ ಕೈ ಮೊರದಷ್ಟು ಅಗಲ, ಬೂದಿ ಜಾಸ್ತಿಯಾಗಿ ಕುಡಿಕೆ ಪುಡಿಪುಡಿ. ಕೆಂಚ ಜಿಪುಣ, ಅವನ ಹಿಡೀಲಿ ಬೂದಿಗಿಂತ ಬೆರಳೇ ಜಾಸ್ತಿ, ಅವನದ್ದು ಬಿರುಕು. ಸಿಂಗಂದು ಸಣ್ಣ ಕೈ, ಬೂದಿ ಸಾಲದೆ ಅವನದ್ದು ಸೋರ್ತಂತೆ.

ಆಮೇಲೆ ಅವಳು ಕೇಳಿದ್ಲಂತೆ, ಅಲ್ಲ, ಅಪ್ಪ ಮಣ್ಣು ತುಳಿಯೋವಾಗ ಬೂದಿ ಹಾಕ್ತಿದ್ದೋರು ಯಾರು? ನಾನು, ಒಂದು ಹಿಡಿ, ಅಂದ ದ್ಯಾವ. ನಾನೂ ಒಂದು ಹಾಕ್ತಿದ್ದೆ, ಅಂದ ಕೆಂಚ. ಕೊನೇದು ನಂದು, ಅಂದ ಸಿಂಗ. ಮೂವರೂ ಬೆಪ್ಪಾಗಿ ಮುಖ ಮುಖ ನೋಡ್ಕೊಂಡ್ರಂತೆ. ಮೂರು ಹಿಡಿ ಅಂದ್ರೆ ಮೂರು ಜನರ ಹಿಡಿ! ಅಪ್ಪ ಮೂವರಿಗೂ ಹೇಳಿದ್ದು ಒಂದೇ ಗುಟ್ಟು.

ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿ ಐರಣೆ ಮಾಡಿದ್ರಂತೆ. ಸುಡೋಕೆ ಸೌದೆ ಸಾಲಲಿಲ್ಲ ಅಂತ ಹಿತ್ತಲ ಬೇಲಿ ಕಿತ್ತು ಆವಿಗೆಗೆ ಹಾಕಿದ್ರಂತೆ. ತಟ್ಟಿದ್ರೆ, ಠಣ್! ಚಿಕ್ಕತಾಯಿ ನಗ್ತಾ ಹಸೆಮಣೆ ಏರಿದ್ಲು, ಬೇಲಿ ಮತ್ತೆ ಮೇಲೇಳಲೇ ಇಲ್ಲ. ಅವರು ಒಟ್ಟಿಗೆ ಉಂಡ್ರು, ನಾವು ಒಟ್ಟಿಗೆ ಮಲಗಿದ್ವಿ, ನಮ್ಮ ಕತೆ ಮುಗೀತು.

ಏನೋ, ಹೂಂ ಅನ್ನೋ ಸದ್ದೇ ಇಲ್ಲ? ನೋಡು ಕಳ್ಳನ್ನ, ಯಾವಾಗಲೋ ಕಂಬಳಿ ಅಕ್ಕನ ಮೇಲೂ ಹೊದಿಸಿ ನಿದ್ದೆ ಹೋಗಿದಾನೆ.