ಬೂದಿಯ ಪಂಕ್ತಿ

"ಗುರುಗಳೇ, ಇವತ್ತೋ ನಾಳೆಯೋ?"

ಸೊಂಟದವರೆಗೆ ನದಿಗಿಳಿದಿದ್ದ ಗುರುಗಳು ಕಣ್ಣು ತೆರೆಯಲಿಲ್ಲ. "ನಿನ್ನೆಯೂ ಇದನ್ನೇ ಕೇಳಿದೆ."

"ನಿನ್ನೆ ನೀವು ಏನೂ ಹೇಳಲಿಲ್ಲ."

"ಮೊನ್ನೆಯೂ ಹೇಳಲಿಲ್ಲ."

ಶಾಂಭವಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಕಾಯಿಲೆ ಬಿದ್ದಿದ್ದು ಬೂದಿ, ಆಶ್ರಮದ ನಾಯಿ. ಮರಿಯಾಗಿದ್ದಾಗ ಆರಿದ ಒಲೆಯೊಳಗೆ ಹೋಗಿ ಮಲಗುತ್ತಿದ್ದುದಕ್ಕೆ ಆ ಹೆಸರು. ಅದನ್ನು ಶಾಲಿನಲ್ಲಿ ಸುತ್ತಿಕೊಂಡು ದೋಣಿಯಲ್ಲಿ ತಂದವಳು ಶಾಂಭವಿಯೇ, ತಾನು ಆಶ್ರಮಕ್ಕೆ ಕಲಿಯಲು ಬಂದ ವರ್ಷ. ಅಂದಿನಿಂದ ಬೂದಿ ಅವಳೊಬ್ಬಳ ಮಾತು ಕೇಳುತ್ತಿತ್ತು. ಅವಳು "ತಿನ್ನು" ಅನ್ನುವವರೆಗೆ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ.

ಈಗ ಅದರ ಕಿಡ್ನಿ ಕೆಟ್ಟಿತ್ತು. ಆಚೆ ದಡದ ಊರಿನಿಂದ ಬಂದ ಪಶುವೈದ್ಯರು ನೋಡಿ ತಲೆಯಾಡಿಸಿದ್ದರು. ಇದು ವಾಸಿಯಾಗುವುದಲ್ಲ, ನೋವು ಹೆಚ್ಚುತ್ತಲೇ ಹೋಗುತ್ತದೆ. ಹೇಳಿ ಕಳಿಸಿದರೆ ಬಂದು ಒಂದು ಇಂಜೆಕ್ಷನ್ ಕೊಡುತ್ತೇನೆ, ನಿದ್ದೆಯಲ್ಲೇ ಹೋಗಿಬಿಡುತ್ತದೆ ಎಂದಿದ್ದರು.

"ಯಾವಾಗ ಹೇಳಿ ಕಳಿಸಬೇಕು ಡಾಕ್ಟ್ರೇ?"

"ಅದು ನಿಮಗೇ ಗೊತ್ತಾಗುತ್ತಮ್ಮ," ಅಂದು ದೋಣಿ ಹತ್ತಿದ್ದರು.

ಶಾಂಭವಿಗೆ ಗೊತ್ತಾಗಲೇ ಇಲ್ಲ.

"ನಿನ್ನೆ ಬಾಲ ಆಡಿಸಿತು ಗುರುಗಳೇ."

"ಸರಿ."

"ಆದರೆ ಗಂಜಿ ಮುಟ್ಟಲಿಲ್ಲ."

"ಸರಿ."

"ಮೈ ಮುಟ್ಟಿದರೆ ನರಳುತ್ತೆ. ಆದರೂ ಬೆಳಿಗ್ಗೆ ನಾನು ಕರೆದ ಕೂಡಲೇ ಎದ್ದು ನಿಂತುಕೊಳ್ಳೋಕೆ ನೋಡಿತು. ಬಿತ್ತು. ಮತ್ತೆ ಎದ್ದಿತು. ಬದುಕೋ ಆಸೆ ಇಲ್ಲದಿದ್ದರೆ ಹಾಗೆ ಏಳುತ್ತಾ?"

ಗುರುಗಳು ಮುಳುಗು ಹಾಕಿದರು. ಮೇಲೆ ಬರುವುದು ತುಸು ತಡವಾಯಿತು. ಬಂದು ನೋಡಿದರೆ ಅವಳು ಇನ್ನೂ ಅಲ್ಲೇ ಇದ್ದಳು.

"ನೀವೇ ಒಂದು ಮಾತು ಹೇಳಿಬಿಡಿ," ಅಂದಳು. "ಇವತ್ತು ಅಂದರೆ ಇವತ್ತು."

"ನಾನು ಹೇಳ್ತೀನಿ. ಆಮೇಲೆ ನೀನು ಜನ್ಮವಿಡೀ, ಗುರುಗಳು ಹೇಳಿದ್ರು ಅದಕ್ಕೇ ಮಾಡಿದೆ ಅಂತ ಅಳ್ತಾ ಕೂರ್ತೀಯ. ಅದು ಆಗಲ್ಲ."

"ಇಂಜೆಕ್ಷನ್ ಕೊಡಿಸೋದು ಪಾಪ ಅಲ್ವಾ?"

"ಪಾಪಕ್ಕೆ ಹೆದರಿದ್ದೀಯೋ, ಬೂದಿ ಇಲ್ಲದ ಜಗುಲಿಗೆ ಹೆದರಿದ್ದೀಯೋ?"

"ನಾನು ಒಂದು ಕೇಳಿದರೆ ನೀವು ಇನ್ನೊಂದು ಕೇಳ್ತೀರಿ!"

ಆಶ್ರಮದಲ್ಲಿ ಯಾರೂ ಅವಳ ಅಷ್ಟು ಎತ್ತರದ ದನಿ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ತಟ್ಟನೆ ತಲೆ ತಗ್ಗಿಸಿದಳು.

ಗುರುಗಳು ಮೆಟ್ಟಿಲು ಹತ್ತಿ ಬಂದು, ಒದ್ದೆ ಪಂಚೆಯನ್ನು ಅದರದೇ ತಪ್ಪು ಎಂಬಂತೆ ಹಿಂಡಿದರು.

"ಊಟಕ್ಕೆ ಬಾ," ಅಂದರು.

ಮಧ್ಯಾಹ್ನ ಎಲ್ಲರೂ ಪಂಕ್ತಿಯಲ್ಲಿ ಕುಳಿತರು. ಮೊದಲ ಎಲೆ ಗುರುಗಳದು. ಅವರು ಏಳುವವರೆಗೆ ಯಾರೂ ಏಳುವಂತಿಲ್ಲ. ಆಶ್ರಮದಲ್ಲಿ ಬಹಳ ಹಿಂದಿನಿಂದ ಬಂದ ಪದ್ಧತಿ ಅದು.

ಇದರಿಂದ ಕಷ್ಟವಾಗುತ್ತಿದ್ದುದು ಆಶ್ರಮದಲ್ಲೇ ಇದ್ದ ವಯಸ್ಸಾದ ಪದ್ಮಕ್ಕನಿಗೆ. ಅವರ ಮೊಣಕಾಲು ಮಡಚಿದರೆ ಬಿಡಿಸಲು ಬಾರದು, ಆದರೂ ಎಲ್ಲರಂತೆ ನೆಲದ ಮೇಲೇ ಕೂರಬೇಕೆಂಬ ಹಟ. ಅದಕ್ಕೇ ಗುರುಗಳು ಬೇಗ ಬೇಗ ಉಣ್ಣುತ್ತಿದ್ದರು. ಅರ್ಧ ಹೊಟ್ಟೆಯಲ್ಲೇ ಎದ್ದುಬಿಡುತ್ತಾರೆ ಎಂದು ಅಡುಗೆಯ ವಾಸಣ್ಣನ ಅನುಮಾನ.

ಬೂದಿ ಹೊರಗೆ ಜಗುಲಿಯಲ್ಲಿ ಮಲಗಿತ್ತು. ಗದ್ದವನ್ನು ಹೊಸ್ತಿಲ ಮೇಲಿಟ್ಟು ಶಾಂಭವಿಯನ್ನೇ ನೋಡುತ್ತಿತ್ತು.

ಗುರುಗಳು ಮಜ್ಜಿಗೆ ಅನ್ನ ಮುಗಿಸಿದರು. ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.

ಏಳಲಿಲ್ಲ.

ವಾಸಣ್ಣ ಬಂದ. "ಅನ್ನ ಹಾಕಲಾ?"

"ಬೇಡ."

"ಮಜ್ಜಿಗೆ?"

"ಬೇಡ."

"ಮತ್ತೆ?"

"ಕೂತಿದ್ದೀನಿ."

ವಾಸಣ್ಣ ಸೌಟು ಹಿಡಿದು ಹಾಗೇ ನಿಂತ. ಎಲ್ಲರ ಎಲೆಯೂ ಖಾಲಿಯಾಯಿತು. ಕೈಗಳು ಒಣಗಿ ಬಿಗಿದುಕೊಂಡವು. ಒಂದು ನೊಣ ಪಂಕ್ತಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಲ್ಲರನ್ನೂ ವಿಚಾರಿಸಿಕೊಂಡು ಹೋಯಿತು. ಬಾಗಿಲಲ್ಲಿದ್ದ ಬಿಸಿಲು ಒಳಗೆ ಸರಿದು ಕೊನೆಯ ಎಲೆ ಮುಟ್ಟಿತು.

ಪದ್ಮಕ್ಕ ಹಲ್ಲು ಕಚ್ಚಿ ಕುಳಿತಿದ್ದರು. "ಇವರಿಗೇನಾಯ್ತೇ ಇವತ್ತು?" ಎಂದು ಪಕ್ಕದಲ್ಲಿದ್ದ ಶಾಂಭವಿಯ ಕಿವಿಯಲ್ಲಿ ಅಂದರು. "ನೀನಾದ್ರೂ ಹೇಳೇ."

"ನಾನಾ?"

"ದಿನಾ ಬೆಳಗಾದ್ರೆ ಅವರ ತಲೆ ತಿನ್ನೋಳು ನೀನೇ ತಾನೇ? ಇವತ್ತು ಉಪಯೋಗಕ್ಕೆ ಬರೋ ಹಾಗೆ ತಿನ್ನು."

ಶಾಂಭವಿ ಗಂಟಲು ಸರಿಮಾಡಿಕೊಂಡಳು. "ಗುರುಗಳೇ... ಊಟ ಮುಗೀತು."

"ಹೌದು."

"ಎಲ್ಲರದೂ ಮುಗೀತು."

"ಕಾಣ್ತಾ ಇದೆ."

"ಮತ್ತೆ ಏಳಿ."

"ನೋಡೋಣ. ಇನ್ನೊಂದು ಸ್ವಲ್ಪ ಹೊತ್ತು. ಎಲ್ಲರ ಜೊತೆ ಹೀಗೆ ಕೂತಿರೋದು ನನಗೆ ಬಹಳ ಹಿತವಾಗಿದೆ."

"ನಿಮಗೆ ಹಿತ! ಪದ್ಮಕ್ಕನ ಕಾಲು ನೋಡಿ, ಹೇಗೆ ಬಾತಿದೆ!" ಶಾಂಭವಿಯ ದನಿ ಮತ್ತೆ ಏರಿತು. ಈ ಸಲ ತಲೆ ತಗ್ಗಿಸಲಿಲ್ಲ.

"ಅಷ್ಟು ನೋವಿದ್ದರೆ ಯಾಕೆ ಕೂತಿದ್ದಾರೆ? ಇನ್ನೂ ಹಸಿವೇನೋ."

"ಹಸಿವೂ ಇಲ್ಲ, ಏನೂ ಇಲ್ಲ! ನೀವು ಎದ್ದಿಲ್ಲ ಅಂತ ಕೂತಿದ್ದಾರೆ! ನೀವು ಏಳೋವರೆಗೂ ಅವರು..."

ಮಾತು ಅಲ್ಲಿಗೇ ನಿಂತಿತು.

ಅವಳ ಏರಿದ ದನಿ ಜಗುಲಿಗೂ ಕೇಳಿತ್ತು. ಕರೆದಳೆಂದುಕೊಂಡ ಬೂದಿ ಮುಂಗಾಲು ಊರಿ ಮೈ ಎತ್ತಲು ನೋಡುತ್ತಿತ್ತು. ಕಾಲು ನಡುಗಿತು. ಕುಸಿಯಿತು. ಮತ್ತೆ ಊರಿತು. ಕಣ್ಣು ಅವಳ ಮೇಲೇ ಇತ್ತು.

ಗುರುಗಳು ತಮ್ಮ ಖಾಲಿ ಎಲೆ ನೋಡುತ್ತಿದ್ದರು.

ಶಾಂಭವಿ ಎದ್ದಳು.

ಒಣಗಿದ ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು, ಎಲೆಗಳನ್ನು ದಾಟಿ ಹೊಸ್ತಿಲ ಬಳಿ ಹೋದಳು. ಬೂದಿಯ ಹೆಸರು ಕರೆಯಲಿಲ್ಲ. ಪಕ್ಕದಲ್ಲಿ ಕುಳಿತು ಎಡಗೈಯನ್ನು ಅದರ ಬೆನ್ನ ಮೇಲೆ ಹಗುರವಾಗಿ ಇಟ್ಟಳು.

"ಏಳಬೇಡ," ಅಂದಳು. "ಮಲಗು. ಸಾಕು."

ಬೂದಿ ಅವಳ ಮುಖ ನೋಡಿತು. ನಿಜವೇ ಎಂದು ಕೇಳುವಂತೆ ನೋಡಿತು. ಆಮೇಲೆ ಮುಂಗಾಲು ಚಾಚಿ ತಲೆಯನ್ನು ನೆಲಕ್ಕೆ ಇಳಿಸಿತು.

"ವಾಸಣ್ಣ," ಶಾಂಭವಿ ತಿರುಗದೆಯೇ ಅಂದಳು, "ಡಾಕ್ಟರಿಗೆ ಫೋನ್ ಮಾಡಿ. ಇವತ್ತೇ ಬರೋಕೆ ಹೇಳಿ. ನಾನು ಇಲ್ಲೇ ಇರ್ತೀನಿ."

ವಾಸಣ್ಣ ಸೌಟು ಕೆಳಗಿಟ್ಟು ಓಡಿದ.

ಪದ್ಮಕ್ಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕಾಲು ನೋವು ಒಂದು ಕಡೆ, ಕಣ್ಣ ಮುಂದೆಯೇ ಪದ್ಧತಿ ಮುರಿದದ್ದು ಇನ್ನೊಂದು ಕಡೆ. "ಅಲ್ಲ ಗುರುಗಳೇ, ದೊಡ್ಡವರು ಕೂತಿರುವಾಗಲೇ ಈ ಹುಡುಗಿ ಎದ್ದು ಹೋದಳಲ್ಲ!"

ಗುರುಗಳು ಎಲೆ ಮಡಚಿ, ಏಳುತ್ತಾ, ಪದ್ಮಕ್ಕನ ಕಡೆ ಕೈ ಚಾಚಿದರು.

"ಬೂದಿಯ ಪಂಕ್ತಿಗೆ ದೊಡ್ಡವಳು ಅವಳೇ."