ಅಪ್ಪ ಹೇಳಿದ ಓದು

"ಗುರುಗಳೇ, ನಾನು ಮುಂದೆ ಏನು ಓದಲಿ?" ಎಂದು ಕಲ್ಲಿನಾಥ ಕೇಳಿದ.

ಅವನು ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ. ಪದವಿ ಮುಗಿಯುತ್ತ ಬಂದಿತ್ತು. ಗೆಳೆಯರು ಒಬ್ಬೊಬ್ಬರಾಗಿ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಇವನಿಗೆ ಊಟದ ಪಂಕ್ತಿಯಲ್ಲಿ ಕೂತರೂ ಅದೇ ಯೋಚನೆ.

"ನಿನ್ನ ಮನಸ್ಸಿನಲ್ಲಿ ಏನಿದೆ?" ಎಂದರು ಗುರುಗಳು.

"ನನ್ನ ಮನಸ್ಸಿನ ಮಾತು ಬಿಡಿ. ನೀವು ಬಲ್ಲವರು. ಯಾವುದು ಹೇಳುತ್ತೀರೋ ಅದನ್ನೇ ಮಾಡುತ್ತೇನೆ. ನಿಮ್ಮ ಮಾತು ಮೀರುವುದಿಲ್ಲ."

ಗುರುಗಳು ಕೂರು ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಮಗ ಕಾಲೇಜಿನಲ್ಲಿ ಓದುತ್ತಿದ್ದ. ಅಲ್ಲಿ ಇತಿಹಾಸ ಕಲಿಸುವ ಮೇಷ್ಟರು ಒಮ್ಮೆ ಹುಡುಗರನ್ನು ಕೆರೆಯ ಏರಿಯ ಮೇಲಿದ್ದ ಹಳೆಯ ಶಾಸನದ ಬಳಿಗೆ ಕರೆದುಕೊಂಡು ಹೋದರು. ಉಳಿದವರು ನೆರಳು ಹುಡುಕಿ ಕೂತರು. ಈ ಹುಡುಗ ಮಾತ್ರ ಕಲ್ಲಿನ ಮುಂದೆ ಮೊಣಕಾಲೂರಿ, ಸವೆದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಉಳಿದ. ಸಂಜೆಯ ಹೊತ್ತಿಗೆ ಅವನಿಗೆ ಒಂದು ಹೆಸರು ಓದಲು ಬಂತು. ಅದು ಆ ಕೆರೆ ಕಟ್ಟಿಸಿದ ಹೆಂಗಸಿನ ಹೆಸರು. ಊರಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅಂದು ಅವನಿಗೆ ಹಸಿವಿನ ನೆನಪೇ ಆಗಲಿಲ್ಲ.

ಆಮೇಲೆ ಬಿಡುವು ಸಿಕ್ಕಾಗಲೆಲ್ಲ ಅವನಿಗೆ ಅದೇ ಕೆಲಸ. ಹೊಲದ ಬದುವಿನಲ್ಲಿ ಹೂತದ್ದು, ಗುಡಿಯ ಹಿಂದೆ ಒರಗಿದ್ದು, ಜನ ಬಟ್ಟೆ ಒಗೆಯಲು ಹಾಸಿಕೊಂಡದ್ದು, ಎಲ್ಲವನ್ನೂ ಹುಡುಕಿಕೊಂಡು ಹೋಗಿ ಓದುತ್ತಿದ್ದ. ಮೇಷ್ಟರು ಇದನ್ನು ಗಮನಿಸಿದರು.

"ನಿನಗೆ ಇದು ಕೈಹತ್ತಿದೆ. ಮುಂದೆ ಇದನ್ನೇ ಓದು. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದವರಿದ್ದಾರೆ, ಅವರಿಗೆ ನಾನು ಹೇಳುತ್ತೇನೆ. ಆದರೆ ಕಷ್ಟದ ದಾರಿ. ಕೊನೆಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ" ಎಂದರು.

ಹುಡುಗನ ಮನಸ್ಸಿನಲ್ಲಿ ಆ ಕೊನೆಯ ಮಾತೇ ಕೂತಿತು. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದ.

ಅವನು ಅಂಗಡಿಗೆ ಹೋದಾಗ ಮದುವೆಯ ಕಾಲ. ಗಿರಾಕಿಗಳು ತುಂಬಿದ್ದರು. ವ್ಯಾಪಾರಿ ಸೀರೆಗಳನ್ನು ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದ.

"ಅಪ್ಪಾ, ಪದವಿ ಮುಗಿದ ಮೇಲೆ ಏನು ಓದಲಿ?"

ವ್ಯಾಪಾರಿ ತಲೆಯೆತ್ತಿ, "ವಕೀಲಿ ಓದು" ಎಂದ. ಮತ್ತೆ ಸೀರೆಯ ಕಡೆಗೆ ತಿರುಗಿದ.

ಹುಡುಗ ಶಾಸನದ ಮಾತು ಎತ್ತಲಿಲ್ಲ. ಅಂಗಡಿಯ ಮೆಟ್ಟಿಲಿಳಿಯುವಾಗ ಅವನಿಗೆ ದುಃಖವೂ ಆಗಲಿಲ್ಲ. ತಲೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ ಹಗುರವಾಯಿತು. ಮರುದಿನ ಮೇಷ್ಟರಿಗೆ, "ಅಪ್ಪ ಒಪ್ಪಲಿಲ್ಲ" ಎಂದು ಹೇಳಿದ.

ಅವನು ವಕೀಲಿ ಓದಿದ, ವಕೀಲನಾದ. ಕೆಟ್ಟ ವಕೀಲನೇನಲ್ಲ. ಆದರೆ ಒಳ್ಳೆಯವನೆಂದು ಯಾರೂ ಹುಡುಕಿಕೊಂಡು ಬರಲಿಲ್ಲ. ಒಂದು ಮೊಕದ್ದಮೆ ಸೋತಾಗ ಹೆಂಡತಿಯೊಡನೆ, "ನನ್ನ ಮನಸ್ಸು ಇದರಲ್ಲಿ ಎಂದೂ ಇರಲಿಲ್ಲ. ಅಪ್ಪ ತಂದು ಕಟ್ಟಿದ್ದು" ಎಂದ. ಹಾಗೆ ಹೇಳಿದಾಗ ಸೋಲಿನ ನೋವು ಸ್ವಲ್ಪ ಕಡಿಮೆಯಾಯಿತು. ಅಂದಿನಿಂದ ಅದೇ ಮಾತು ರೂಢಿಯಾಯಿತು. ಗೆಳೆಯರಿಗೆ ಹೇಳಿದ, ನೆಂಟರಿಗೆ ಹೇಳಿದ, ಕೋರ್ಟಿನ ಪಡಸಾಲೆಯಲ್ಲಿ ಪರಿಚಯವಾದವರಿಗೂ ಹೇಳಿದ. ಹೇಳಿ ಹೇಳಿ ಅದು ಅವನಿಗೂ ನಿಜವಾಯಿತು. ಅಪ್ಪ ಅಂದು ತನ್ನ ಕೈಯಿಂದ ಶಾಸನಗಳನ್ನು ಕಿತ್ತುಕೊಂಡದ್ದು ಅವನ ಕಣ್ಣಿಗೇ ಕಟ್ಟಿತು.

ಅಪ್ಪ ಮಗ ಒಂದೇ ಮನೆಯಲ್ಲಿದ್ದರು. ಮಗ ಮಾತು ಕಡಿಮೆ ಮಾಡಿದ. ವ್ಯಾಪಾರಿ ಊಟಕ್ಕೆ ಕೂತರೆ ಇವನು ಆಮೇಲೆ ಕೂರುತ್ತೇನೆ ಎನ್ನುತ್ತಿದ್ದ. ಕೋರ್ಟಿನ ದಣಿವು ಇರಬೇಕು ಎಂದುಕೊಂಡು ವ್ಯಾಪಾರಿ ಒಬ್ಬನೇ ಉಣ್ಣುತ್ತಿದ್ದ. ಹಾಗೆಯೇ ಮುದುಕನಾದ, ಹಾಸಿಗೆ ಹಿಡಿದ.

ಒಂದು ದಿನ ಮಗನನ್ನು ಹತ್ತಿರ ಕರೆದು ಕೇಳಿದ. "ನಿನಗೆ ನನ್ನ ಮೇಲೆ ಏನೋ ಕೋಪವಿದೆ. ಏನೆಂದು ಹೇಳು. ತಿಳಿದುಕೊಂಡಾದರೂ ಹೋಗುತ್ತೇನೆ."

"ನನಗೆ ಶಾಸನ ಓದುವ ಆಸೆಯಿತ್ತು. ನೀವು ನನ್ನನ್ನು ವಕೀಲಿಗೆ ಹಾಕಿದಿರಿ."

"ನಾನು ಹಾಕಿದೆನೇ? ಯಾವಾಗ?"

"ಅಂಗಡಿಯಲ್ಲಿ. ಏನು ಓದಲಿ ಎಂದು ಕೇಳಲು ಬಂದಿದ್ದೆ. ಮದುವೆಯ ಕಾಲ."

ಮುದುಕ ಬಹಳ ಹೊತ್ತು ನೆನಪು ಮಾಡಿಕೊಂಡ. ಕೊನೆಗೆ ಮೆಲ್ಲಗೆ ಹೇಳಿದ. "ಆ ದಿನ ವಕೀಲರೊಬ್ಬರು ಮಗಳ ಮದುವೆಗೆ ಜವಳಿ ತೆಗೆಯಲು ಬಂದಿದ್ದರು. ನನ್ನ ಎದುರಿಗೇ ಕೂತಿದ್ದರು. ನೀನು ಕೇಳಿದೆ, ಅವರು ಕಣ್ಣಿಗೆ ಬಿದ್ದರು, ಹಾಗೆ ಅಂದಿರಬೇಕು. ಡಾಕ್ಟರು ಕೂತಿದ್ದರೆ ಡಾಕ್ಟರಿಕೆ ಓದು ಎನ್ನುತ್ತಿದ್ದೆನೋ ಏನೋ." ಉಸಿರು ಸುಧಾರಿಸಿಕೊಂಡು ಮತ್ತೆ ಹೇಳಿದ. "ಶಾಸನ ಓದುತ್ತೇನೆ ಎಂದು ನೀನು ಒಂದು ಮಾತು ಹೇಳಿದ್ದರೆ ಹೂಂ ಎನ್ನುತ್ತಿದ್ದೆ ಮಗಾ. ಬೇಡ ಎನ್ನಲು ನನಗೆ ಏನು ತಿಳಿದಿತ್ತು?"

ಮಗ ಕ್ಷಮೆ ಕೇಳಲೇ ಇಲ್ಲ. ಕೆಲವು ದಿನಗಳಲ್ಲಿ ವ್ಯಾಪಾರಿ ತೀರಿಕೊಂಡ. ಮಗನ ಕೋಪ ಮಾತ್ರ ಹೋಗಲಿಲ್ಲ, ಅದಕ್ಕೆ ನಿಲ್ಲಲು ಇದ್ದ ಜಾಗ ಹೋಯಿತು.

ಆಗ ಅವನ ಮಗಳು ಕಾಲೇಜು ಮುಗಿಸುತ್ತಿದ್ದಳು. ಅವಳೂ ಬಂದು, ಮುಂದೇನು ಓದಲಿ ಎಂದು ಕೇಳಿದಳು. ಇವನಿಗೆ ಹೆದರಿಕೆಯಾಯಿತು. "ನಿನಗೆ ಇಷ್ಟ ಬಂದದ್ದನ್ನು ಓದು. ನಾನು ಒಂದು ಮಾತೂ ಹೇಳುವುದಿಲ್ಲ" ಎಂದ. ಹೇಳಲೂ ಇಲ್ಲ. ಅವಳು ಒಂದನ್ನು ಹಿಡಿದು ನಡುವೆ ಬಿಟ್ಟಳು. ಇನ್ನೊಂದನ್ನು ಹಿಡಿದಳು, ಅದೂ ಒಗ್ಗಲಿಲ್ಲ. ಮನೆಗೆ ಬಂದು ಕೂತಳು. ಒಂದು ಸಂಜೆ ತಾಯಿಯ ಎದುರಿಗೇ ಅವನಿಗೆ ಹೇಳಿದಳು. "ಅಂದು ನೀವು ಒಂದು ಮಾತು ಹೇಳಿದ್ದರೆ ನಾನು ಹೀಗಾಗುತ್ತಿರಲಿಲ್ಲ ಅಪ್ಪಾ."

ಅವನು ನ್ಯಾಯಾಲಯದಲ್ಲಿ ವಾದ ಮಾಡಿದ ಮನುಷ್ಯ. ಮಗಳ ಎದುರಿನಿಂದ ಎದ್ದು ಒಳಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಕಲ್ಲಿನಾಥ ಕಾದ. ಗುರುಗಳು ಮುಂದುವರಿಸಲಿಲ್ಲ. ಅವನಿಗೆ ಸಮಾಧಾನವಾಗಲಿಲ್ಲ.

"ಇದೇನು ಗುರುಗಳೇ? ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು ಎಂದಾಯಿತು. ಹಾಗಾದರೆ ನಾನು ಯಾರನ್ನು ಕೇಳಲಿ?"

"ನೀನು ಕೇಳಲು ಬಂದದ್ದು ದಾರಿಯನ್ನಲ್ಲ ಮಗು, ನಾಳೆ ದೂರುವುದಕ್ಕೆ ಒಬ್ಬ ಮನುಷ್ಯನನ್ನು" ಎಂದರು ಗುರುಗಳು.