ಸೋಮವಾರದ ಉಪವಾಸ, ಮಂಗಳವಾರದ ಹೋಳಿಗೆ

“ಗುರುಗಳೇ, ಒಂದು ದಿನ ಕೆಟ್ಟದ್ದನ್ನು ಮರುದಿನ ಸರಿದೂಗಿಸಿದರೆ ಸಾಲದೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

“ಸಾಲದು. ಸಾಲುತ್ತದೆ ಎಂದುಕೊಂಡೇ ಒಬ್ಬ ಗಾಣಿಗ ತನ್ನ ಮಗಳಿಗೆ ಅನ್ಯಾಯ ಮಾಡಿದ. ಅದನ್ನು ಭಕ್ತಿ ಎಂದು ಕರೆದ, ಊರೂ ಹೌದೆಂದಿತು. ಕೇಳು,” ಎಂದು ಗುರುಗಳು ಕತೆ ಶುರು ಮಾಡಿದರು.

ಆ ಗಾಣಿಗನಿಗೆ ಒಬ್ಬಳೇ ಮಗಳು, ಸಾವಂತ್ರಿ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದ್ದಲ್ಲ, ಮೈ ತಾನೇ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿಬಿಡುವ, ಮಕ್ಕಳನ್ನು ಹಿಡಿಯುವ ಬಗೆಯದು. ದಿನವೂ ಸೂಜಿ ಚುಚ್ಚಬೇಕು, ಚುಚ್ಚಿದ್ದಕ್ಕೆ ತಕ್ಕಂತೆ ಉಣ್ಣಬೇಕು. ಗಾಣಿಗ ಸೂಜಿ ತಪ್ಪಿಸಲಿಲ್ಲ, ಊಟ ತಪ್ಪಿಸಿದ. ಮಗಳು ಗುಣವಾಗಲೆಂದು ಹರಕೆ ಹೊತ್ತ: ಸೋಮವಾರ ಅವಳಿಗೆ ಉಪವಾಸ, ಮಂಗಳವಾರ ಹೋಳಿಗೆಯ ಪಾರಣೆ.

ಸೋಮವಾರ ಹೊತ್ತು ಇಳಿಯುತ್ತಲೇ ಹುಡುಗಿಯ ಕೈ ನಡುಗುತ್ತಿತ್ತು, ಮೈ ಬೆವರುತ್ತಿತ್ತು. ಬೆಲ್ಲದ ನೀರು ಕುಡಿಸಿ ಮಲಗಿಸುತ್ತಿದ್ದರು. ಮಂಗಳವಾರ ತೀರದ ಬಾಯಾರಿಕೆ, ಮತ್ತೆ ಮತ್ತೆ ಬಚ್ಚಲಿಗೆ ಓಟ. ಗಾಣಿಗ ಅಂಜಲಿಲ್ಲ. ನಿನ್ನೆ ಇಳಿದದ್ದು ಇವತ್ತು ಏರಿತು, ಅಲ್ಲಿಗಲ್ಲಿಗೆ ಸಮವಾಯಿತು ಎಂದುಕೊಂಡ. ಆಸ್ಪತ್ರೆಯ ಪರೀಕ್ಷೆಯೂ ಅವನ ಕಡೆಗೇ ನಿಂತಿತು: ತಿಂಗಳುಗಳ ಸಕ್ಕರೆಯ ಸರಾಸರಿ ಚೆನ್ನಾಗಿದೆ. ಎಣ್ಣೆಗೆ ಬಂದವರಿಗೆಲ್ಲ ಅದನ್ನೇ ಹೇಳಿ ಬೀಗಿದ.

ಒಂದು ದಿನ ಸಾವಂತ್ರಿ, ಶಾಲೆಯ ಕರಿಹಲಗೆ ಮಸುಕಾಗಿ ಕಾಣುತ್ತದೆ ಎಂದಳು. ಗಾಣಿಗ ಗಾಣ ನಿಲ್ಲಿಸಿದ. ಮಗಳನ್ನು ಕರೆದುಕೊಂಡು ಆಸ್ಪತ್ರೆಯ ಡಾಕ್ಟರಮ್ಮನ ಬಳಿ ಓಡಿದ.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಒಳಗೆಲ್ಲ ನೋಡಿದಳು. ಆಮೇಲೆ ಹುಡುಗಿಯನ್ನು ಕೇಳಿದಳು: “ಹೊತ್ತುಹೊತ್ತಿಗೆ ಉಣ್ಣುತ್ತೀ ತಾನೇ?”

“ಸೋಮವಾರ ನನ್ನ ಪಾಲು ದೇವರು ತಿನ್ನುತ್ತಾನೆ. ಮಂಗಳವಾರ ಅವನ ಪಾಲನ್ನೂ ನನಗೇ ತುರುಕುತ್ತಾರೆ.”

ಡಾಕ್ಟರಮ್ಮ ನಗಲಿಲ್ಲ. ಗಾಣಿಗನ ಕಡೆ ತಿರುಗಿದಳು. “ನಿನ್ನ ಸರಾಸರಿ ಹೀಗೆ ಬಂತೇನಪ್ಪಾ? ಮಗು ಬೆಳೆಯುವಾಗ ಅದರ ರಕ್ತನಾಳಗಳೂ ಬೆಳೆಯುತ್ತಿರುತ್ತವೆ. ಸಕ್ಕರೆ ಹೀಗೆ ಹತ್ತಿ ಬಿದ್ದರೆ ಅವುಗಳ ಒಳಪದರಕ್ಕೆ ಪೆಟ್ಟು. ಹೀಗೇ ವರ್ಷಗಟ್ಟಲೆ ನಡೆದರೆ, ಬೇಕಾದ ಕಡೆ ಹೊಸ ನಾಳ ಚಿಗುರದೆ ಹೋಗಬಹುದು. ಬೇಡದ ಕಡೆ, ಕಣ್ಣಿನೊಳಗೆ, ಚಿಗುರಿ ಒಡೆಯಬಹುದು.”

“ಒಟ್ಟಿನಲ್ಲಿ ಸಮವಾಗಿದೆಯಲ್ಲ ತಾಯಿ?”

ಸಾವಂತ್ರಿ ತಡೆಯಲಾರದೆ ಅಂದಳು: “ಅಪ್ಪಾ, ಸೋಮವಾರ ಬರಿಗಾಣ ತಿರುಗಿಸಿ, ಮಂಗಳವಾರ ಎರಡು ದಿನದ ಎಳ್ಳು ಒಟ್ಟಿಗೇ ಸುರಿಯುತ್ತೀಯಾ?”

ಗಾಣಿಗನಿಗೆ ಅದು ಗೊತ್ತಿತ್ತು. ಬರಿದೇ ತಿರುಗುವ ಗಾಣದಲ್ಲಿ ಮರವೇ ಮರವನ್ನು ತಿನ್ನುತ್ತದೆ. ಮಿತಿಮೀರಿ ತುಂಬಿದರೆ ಎಳ್ಳು ಅರೆಯುವ ಒನಕೆ ಬಿರುಕುಬಿಡುತ್ತದೆ. ಮರದ ಗಾಣವನ್ನು ಅವನು ಒಂದು ದಿನವೂ ಹಾಗೆ ನಡೆಸಿಕೊಂಡವನಲ್ಲ. ಅವನು ಡಾಕ್ಟರಮ್ಮನ ಕಡೆ ತಿರುಗಿದ.

“ಕಣ್ಣು... ಹೋಯಿತೇ ತಾಯಿ?”

“ಇಲ್ಲ. ನಾಳಗಳು ಚೊಕ್ಕವಾಗಿವೆ. ಈ ಮಸುಕು ಸಕ್ಕರೆ ಏರಿಳಿದದ್ದರಿಂದ ಬಂದದ್ದು. ಅದನ್ನು ಹದಕ್ಕೆ ತಂದರೆ ಇದೂ ತಿಳಿಯಾಗುತ್ತದೆ. ಸರಿಯಾದ ಹೊತ್ತಿಗೆ ಬಂದೆ.”

ಗಾಣಿಗ ಅಲ್ಲೇ ನೆಲಕ್ಕೆ ಕುಸಿದು ಕುಳಿತ. ಅಳುತ್ತಲೇ ನಕ್ಕ. ಮಗಳು ಅವನ ತೋಳು ಹಿಡಿದು ಎಳೆದಳು. “ಏಳಪ್ಪಾ, ಅಳುವುದು ಆಮೇಲಾಗಲಿ. ಇವತ್ತು ಸೋಮವಾರ, ನನಗೆ ಹಸಿವು.”

ಅವನು ಎದ್ದ. ಡಾಕ್ಟರಮ್ಮ ಹೇಳಿದಷ್ಟು ಸೂಜಿ ಹಾಕಿಸಿ, ಎದುರಿನ ಹೋಟೆಲಿನಲ್ಲಿ ಅದಕ್ಕೆ ತಕ್ಕಷ್ಟು ಇಡ್ಲಿ ತಿನ್ನಿಸಿದ. ಅವಳು ತಿನ್ನುವುದನ್ನೇ ನೋಡುತ್ತ ಕುಳಿತ. ತನಗೂ ಹಸಿವಾಗಿದೆ ಎಂಬುದು ಅವನಿಗೆ ಆಮೇಲೆ ನೆನಪಾಯಿತು. ಹರಕೆ ಅಂದಿಗೆ ಮುಗಿಯಿತು. ಕೆಲವು ವಾರಗಳಲ್ಲಿ ಸಾವಂತ್ರಿ ಹಿಂದಿನ ಬೆಂಚಿನಲ್ಲಿ ಕುಳಿತೇ ಕರಿಹಲಗೆಯನ್ನು ಓದಿದಳು.

ಕತೆ ಮುಗಿದಿತ್ತು. ಚೆನ್ನವೀರ ಕೇಳಿದ: “ಹರಕೆ ಮುರಿದದ್ದಕ್ಕೆ ದೇವರು ಮುನಿಯುವುದಿಲ್ಲವೇ?”

“ಮುನಿದರೆ ನನ್ನ ಮೇಲೆ ಮುನಿಯಲಿ. ನಿನ್ನ ಮನೆಯಲ್ಲಿ ಹೀಗೆ ಹಸಿದ ಮಗುವಿದ್ದರೆ, ಈಗಲೇ ಎದ್ದು ಹೋಗಿ ಉಣಿಸು.”